ಪಂಚಕಕ್ಕೆಂದು ಇಟ್ಟ ಬಸ್ಸು

ಚಾಮರಾಜಪೇಟೆಯ ಆ ಮನೆಯ ಮಹಡಿಯ ಮೇಲೆ ನಾನು ಹತ್ತು ವರ್ಷಕ್ಕೂ ಮಿಕ್ಕಿ ಬಾಡಿಗೆಗಿದ್ದೆ. ಒಂದು ಕೋಣೆ, ಅದರ ಮುಂದೊಂದು ತಗಡಿನ ಮಾಡು, ಕಿಟಕಿ ತೆರೆದರೆ ಹಿತ್ತಲು. ಹಿತ್ತಲಿನಲ್ಲಿ ಸೀಬೆಮರ, ಒಗೆಯುವ ಕಲ್ಲು, ಮತ್ತೆ ಒಂದು ಬಸ್ಸು. ಮನೆ ನೋಡಲು ಬಂದ ದಿನ ಇದೇನಿದು ಎಂದು ಕೇಳಿದ್ದಕ್ಕೆ ಆ ಮನೆಯ ಸೊಸೆ ದ್ರೌಪದಮ್ಮ, "ಅದು ನಮ್ಮ ಮಾವನವರ್ದು" ಎಂದಷ್ಟೇ ಹೇಳಿದ್ದಳು. ಮೂಲೆಯಲ್ಲಿಟ್ಟ ಕೊಡೆಯ ವಿಚಾರ ಕೇಳಿದ್ದರೂ ಅದೇ ದನಿಯಲ್ಲಿ ಹೇಳುತ್ತಿದ್ದಳೋ ಏನೋ.

ನಾನು ಆಗ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಪ್ರೂಫು ತಿದ್ದುತ್ತಿದ್ದೆ. ಕನ್ನಡಕ ಹಾಕಿಕೊಂಡು ಕಂಕುಳಲ್ಲಿ ಕಾಗದ ಇಟ್ಟುಕೊಂಡು ಓಡಾಡುವ ಹೆಂಗಸು ಟೀಚರೇ ಇರಬೇಕೆಂದು ಆ ಮನೆಯವರು ತೀರ್ಮಾನಿಸಿ ನನ್ನನ್ನು ಟೀಚರಮ್ಮ ಮಾಡಿದರು. ಹೇಳಿ ಹೇಳಿ ಸಾಕಾಗಿ ನಾನೂ ಸುಮ್ಮನಾದೆ. ವರ್ಷಕ್ಕೊಮ್ಮೆ ನಮ್ಮ ಪ್ರೆಸ್ಸಿಗೆ ಬೇರೆ ಬೇರೆ ಸಿದ್ಧಾಂತಿಗಳ ಎರಡು ಪಂಚಾಂಗ ಅಚ್ಚಿಗೆ ಬರುತ್ತಿದ್ದವು. ಎರಡನ್ನೂ ನಾನೇ ತಿದ್ದುತ್ತಿದ್ದೆ. ಒಂದರಲ್ಲಿ ಬೆಳಗ್ಗೆ ಎದ್ದು ಹೋದ ನಕ್ಷತ್ರ ಇನ್ನೊಂದರಲ್ಲಿ ಮಧ್ಯಾಹ್ನದವರೆಗೂ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಹಾಗಾಗಿ ಪಂಚಾಂಗದ ಮೇಲೆ ನನಗೆ ಭಕ್ತಿ ಕಡಿಮೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚಿಕ್ಕವೆಂಕಟಪ್ಪನವರ ಕಥೆಯನ್ನು ತಣ್ಣಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ.

ಚಿಕ್ಕವೆಂಕಟಪ್ಪನವರು ಆ ಮನೆಯ ಯಜಮಾನರು. ತರಕಾರಿ ಬೆಳೆದು ಮಾರುವ ಮನೆತನ. ಅದರಲ್ಲಿ ಇವರೊಬ್ಬರು ದಾರಿ ತಪ್ಪಿ ಸ್ಟೇರಿಂಗ್ ಹಿಡಿದವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಹೊಗೆಯಲ್ಲೇ ಗಾಡಿ ಓಡಿಸಿದ್ದರು. ಆಮೇಲೆ ಸ್ವಂತಕ್ಕೊಂದು ಬಸ್ಸು ಕೊಂಡು ಆನೇಕಲ್ ಲೈನಿನಲ್ಲಿ ಬಿಟ್ಟರು. ಬೆಳಗ್ಗೆ ಆನೇಕಲ್ಲು, ಸಂಜೆ ಬೆಂಗಳೂರು, ಮತ್ತೆ ಬೆಳಗ್ಗೆ ಆನೇಕಲ್ಲು.

"ಆನೇಕಲ್ ಆಚೆ ಏನೈತೆ ಅಂತ ನಂಗೊತ್ತೇ ಇರ್ಲಿಲ್ಲ ಟೀಚರಮ್ಮ" ಎಂದು ಒಮ್ಮೆ ನನಗೆ ಹೇಳಿದ್ದರು. "ರಸ್ತೆ ಪಾಡಿಗೆ ರಸ್ತೆ ಮುಂದಕ್ಕೆ ಹೋಗ್ತಿತ್ತು. ನಾನು ಮಾತ್ರ ಅಲ್ಲೇ ತಿರುಗಿಸ್ಕೊಂಡು ಬತ್ತಿದ್ದೆ."

ಸರ್ಕಾರ ಖಾಸಗಿ ಲೈನುಗಳನ್ನು ತಾನೇ ವಹಿಸಿಕೊಂಡಾಗ ಉಳಿದವರು ಬಸ್ಸು ಮಾರಿ ಕೈತೊಳೆದುಕೊಂಡರು. ಇವರು ಮಾರಲಿಲ್ಲ. ಸೀಟುಗಳನ್ನು ಕಿತ್ತುಹಾಕಿ ಎರಡು ಕಡೆ ಎರಡು ಹಲಗೆಯ ಮಂಚ ಹಾಕಿಸಿದರು. ಹಿಂದುಗಡೆ ಸ್ಟವ್ ಇಡಲು ಕಟ್ಟೆ, ನಲ್ಲಿ ಕೂರಿಸಿದ ನೀರಿನ ಪೀಪಾಯಿ, ಡ್ರೈವರ್ ಸೀಟಿನ ಬೆನ್ನಿಗೆ ದೇವರ ಗೂಡು. ಹೆಂಡತಿ ಅಂಜನಮ್ಮನನ್ನು ಕೂರಿಸಿಕೊಂಡು ಸಂಜೆಗೆ ವಾಪಸು ಬರಬೇಕಿಲ್ಲದ ಕಡೆಗೆ ಹೋಗುವುದು ಅವರ ಆಸೆ. ಹೋದರು ಕೂಡ. ಬಿಡದಿ ದಾಟುವ ಹೊತ್ತಿಗೆ ಅಂಜನಮ್ಮನಿಗೆ ಹಿತ್ತಲ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂತು. ರಾಮನಗರದವರೆಗೆ ಸಹಿಸಿಕೊಂಡರಂತೆ, ಆಮೇಲೆ ಅಳು. ಬಸ್ಸು ತಿರುಗಿತು. ಬಂದು ನೋಡಿದರೆ ಬಾಗಿಲು ಭದ್ರವಾಗಿ ಹಾಕಿತ್ತು. ಅದಾದಮೇಲೆ ಬಸ್ಸಿನಲ್ಲಿ ಮೊದಲು ಈರುಳ್ಳಿ ಚೀಲ ಬಂದವು, ಆಮೇಲೆ ತರಕಾರಿ ತುಂಬುವ ಮಂಕರಿಗಳು, ಕೊನೆಗೆ ಕೋಳಿಗಳು. ನಾನು ಬಾಡಿಗೆಗೆ ಬಂದಾಗ ಅದು ಕೋಳಿಗಳ ಮನೆ.

ಕಾಯಿಲೆ ಬಂದದ್ದು ೧೯೭೬ರ ಚಳಿಗಾಲದಲ್ಲಿ. ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಯಜಮಾನರಿಗೆ ಮಾತು ನಿಂತಿತು. ಡಾಕ್ಟರು ಬಂದು ನೋಡಿ, ಹೇಳಿಕಳಿಸಬೇಕಾದವರಿಗೆಲ್ಲ ಹೇಳಿಕಳಿಸಿ ಎಂದು ಬ್ಯಾಗು ಮುಚ್ಚಿದರು. ಮಗ ಮುನಿಕೃಷ್ಣಪ್ಪ ಹೇಳಿಕಳಿಸಿದ್ದು ಮೊದಲು ರೇವಣಸಿದ್ದಯ್ಯನವರಿಗೆ. ಬೀದಿಯವರಿಗೆಲ್ಲ ಶಾಸ್ತ್ರ ನೋಡಿ ಹೇಳುತ್ತಿದ್ದ ಮುದುಕರು ಅವರು. ಬಂದರು, ಪಂಚಾಂಗ ಬಿಡಿಸಿದರು, ನಾಲಿಗೆ ಲೊಚಗುಟ್ಟಿದರು. ಧನಿಷ್ಠಾ ಪಂಚಕ ನಡೆಯುತ್ತಿತ್ತು.

ಧನಿಷ್ಠೆಯಿಂದ ರೇವತಿಯವರೆಗಿನ ಆ ಐದು ನಕ್ಷತ್ರಗಳ ದಿನಗಳಲ್ಲಿ ಮನೆಯೊಳಗೆ ಜೀವ ಹೋದರೆ ಮನೆ ಬಿಡಬೇಕು. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡ ಹಾಕಿ, ದೀಪ ಆರಿಸಿ, ಆರು ತಿಂಗಳು ಇಡೀ ಸಂಸಾರ ಬೇರೆ ಕಡೆ ಇರಬೇಕು. ಮುನಿಕೃಷ್ಣಪ್ಪನ ಹಿರಿಯ ಮಗಳಿಗೆ ಲಗ್ನ ಕಟ್ಟಿಸಿಯಾಗಿತ್ತು. ಚಪ್ಪರ ಹಾಕಬೇಕಾದ ಬಾಗಿಲಿಗೆ ಮುಳ್ಳು ಹಾಕುವುದೆಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೆ ಶಾಸ್ತ್ರ ಬರೆದವರು ಅಲ್ಲೇ ಒಂದು ಸಂದಿಯನ್ನೂ ಬಿಟ್ಟಿದ್ದಾರಲ್ಲ: ಜೀವ ಹೊಸಿಲಿನಾಚೆ ಹೋದರೆ ದೋಷ ಮನೆಗೆ ತಟ್ಟುವುದಿಲ್ಲ.

"ಹಿತ್ಲಲ್ಲಿ ಬಸ್ ಐತಲ್ಲ" ಎಂದು ಯಾರು ಮೊದಲು ಹೇಳಿದರೋ, ಆಮೇಲೆ ಯಾರೂ ಒಪ್ಪಿಕೊಳ್ಳಲಿಲ್ಲ.

ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಕೋಳಿಗಳನ್ನು ಓಡಿಸಿ, ಒಂದು ಮಂಚದ ಮೇಲಿನ ಮಂಕರಿಗಳನ್ನು ಎತ್ತಿಹಾಕಿ, ಗೋಮೂತ್ರ ಚಿಮುಕಿಸಿ, ಯಜಮಾನರನ್ನು ಚಾಪೆಯ ಸಮೇತ ಎತ್ತಿ ತಂದರು. ಬಾಗಿಲು ಕಿರಿದು. ಅಡ್ಡಡ್ಡ ತಿರುಗಿಸಿ ಒಳಗೆ ಸೇರಿಸಿದರು. ಇಳಿದು ಹೋಗಿ ತಡೆಯಬೇಕೆನಿಸಿತು. ಆದರೆ ಬಾಡಿಗೆಯವಳು, ಏನು ಹೇಳಲಿ? ಅಂಜನಮ್ಮ ಒಬ್ಬರೇ ಬಸ್ಸಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಯಜಮಾನರು ಸಾಯಲಿಲ್ಲ. ಕೋಳಿಯ ಹಿಕ್ಕೆಯ ವಾಸನೆಗೋ, ಒಡೆದ ಕಿಟಕಿಯ ಗಾಳಿಗೋ, ಕಫ ಒಡೆಯಿತು. ಎರಡನೆಯ ಬೆಳಗ್ಗೆ ಕಣ್ಣು ಬಿಟ್ಟವರು ಮೇಲಿನ ತಗಡನ್ನು ನೋಡುತ್ತ, "ಯಾವೂರು ಬಂತು?" ಎಂದು ಕೇಳಿದರಂತೆ.

ಮನೆಯವರಿಗೆ ಸಂತೋಷವಾಗಲಿಲ್ಲ ಎಂದರೆ ಅನ್ಯಾಯವಾದೀತು. ಮುನಿಕೃಷ್ಣಪ್ಪ ಅಪ್ಪನ ಕಾಲು ಹಿಡಿದುಕೊಂಡು ಅತ್ತ. ಆದರೆ ವಾಪಸು ಒಳಗೆ ಕರೆದುಕೊಂಡು ಹೋಗುವ ಮಾತು ಬಂದಾಗ ರೇವಣಸಿದ್ದಯ್ಯನವರು ಕೈ ಅಡ್ಡ ಮಾಡಿದರು. ಹೆಣವಾಗಲೆಂದು ಹೊರಗೆ ಹೋದವರು ಹಾಗೇ ನಡೆದುಕೊಂಡು ಹೊಸಿಲು ದಾಟಬಾರದು, ಅದಕ್ಕೊಂದು ಶಾಂತಿ ಆಗಬೇಕು. ಶಾಂತಿಗೆ ಮೊದಲು ಪಂಚಕ ಕಳೆಯಬೇಕು. ಪಂಚಕ ಯಾವಾಗ ಕಳೆಯುತ್ತದೆಂದು ಅವರ ಪಂಚಾಂಗ ಒಂದು ಹೇಳಿತು, ಗೋಡೆಗೆ ನೇತುಹಾಕಿದ್ದು ಇನ್ನೊಂದು ಹೇಳಿತು. ಎರಡಕ್ಕೂ ಒಪ್ಪಿಗೆಯಾಗುವವರೆಗೆ ಇರಲಿ ಎಂದರು. ಅಷ್ಟರಲ್ಲಿ ಮದುವೆಯ ಗಡಿಬಿಡಿ ಶುರುವಾಯಿತು. ಶುಭಕಾರ್ಯದ ಮುಂದೆ ಶಾಂತಿ ಬೇಡ. ಮದುವೆಯಾದ ಮೇಲೆ ಆಷಾಢ. ಆಷಾಢ ಕಳೆದರೆ ಮೊಮ್ಮಗಳು ಬಸುರಿ, ಬಸುರಿಯಿರುವ ಮನೆಯಲ್ಲಿ ಅಂಥ ಹೋಮ ಮಾಡಬಾರದು.

ಅಲ್ಲದೆ ಪಂಚಕ ತಿಂಗಳಿಗೊಮ್ಮೆ ಬಂದೇ ಬರುತ್ತದೆ. "ಮಾವನವರ ಎದೆ ಮೊದಲೇ ಮೆತ್ತಗೆ" ಎಂದು ದ್ರೌಪದಮ್ಮ ಒಗೆಯುವ ಕಲ್ಲಿನ ಹತ್ತಿರ ನನಗೆ ಸಮಜಾಯಿಷಿ ಹೇಳಿದಳು. "ಪ್ರತಿ ತಿಂಗ್ಳೂ ಒಳಗೆ ಹೊರಗೆ ಎತ್ತಾಡ್ಸೋ ಬದ್ಲು ಅಲ್ಲೇ ಆರಾಮಾಗಿ ಇರ್ಲಿ ಅಂತ. ಮನೆ ಥರಾನೇ ಐತಲ್ಲಾ ಟೀಚರಮ್ಮ, ಏನ್ ಕಮ್ಮಿ ಆಗೈತೆ?"

ಕಮ್ಮಿ ಏನೂ ಆಗಿರಲಿಲ್ಲ. ಬಿಸಿ ಮುದ್ದೆ, ಸೊಪ್ಪಿನ ಸಾರು ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಶನಿವಾರ ಎಣ್ಣೆನೀರು. ಬಂದವರೆಲ್ಲ ಬಸ್ಸಿನ ಹತ್ತಿರ ಹೋಗಿ ಕ್ಷೇಮಸಮಾಚಾರ ಕೇಳುತ್ತಿದ್ದರು. ಅವರನ್ನು ಯಾರೂ ಬೈಯಲಿಲ್ಲ, ಯಾರೂ ದೂಡಲಿಲ್ಲ. ಹಾಗೆ ದೂಡಿದ್ದರೆ ಜಗಳವಾಡಬಹುದಿತ್ತು. ಇದು ಉಪಚಾರದಲ್ಲಿ ಕಟ್ಟಿಹಾಕುವ ರೀತಿ. ಹಿತ್ತಲ ಬಾಗಿಲಿನವರೆಗೆ ಅವರು ಓಡಾಡಬಹುದು, ಹೊಸಿಲು ಮಾತ್ರ ತುಳಿಯುವಂತಿಲ್ಲ. ಅವರೇ ಕಟ್ಟಿಸಿದ ಮನೆ, ಅವರೇ ಆರಿಸಿ ತಂದ ಹೊಸಿಲಿನ ಮರ.

ಅಂಜನಮ್ಮ ದಿನಾ ತಟ್ಟೆ ತಂದು ಬಸ್ಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಯಜಮಾನರು ಉಂಡು ಮುಗಿಸುವವರೆಗೆ ಮಾತಾಡುತ್ತಿದ್ದರು. ಮೆಟ್ಟಿಲಿನಿಂದ ಮೇಲಕ್ಕೆ ಒಂದು ದಿನವೂ ಹತ್ತಲಿಲ್ಲ. ಮನೆಯ ಒಡತಿ ಹೊರಗೆ ಮಲಗಿದರೆ ಮನೆ ನಿಲ್ಲುವುದಿಲ್ಲ ಎಂಬುದು ಅವರ ನಂಬಿಕೆ.

"ಶಾಂತಿ ಆಗ್ಲಿ, ನೀವೇ ಒಳಗೆ ಬನ್ನಿ" ಎನ್ನುವರು ಅವರು.

"ನೀನು ಹತ್ತು" ಎನ್ನುವರು ಇವರು.

ಇದೇ ಮಾತು ವರ್ಷಗಟ್ಟಲೆ ನನ್ನ ಕಿಟಕಿಗೆ ಕೇಳುತ್ತಿತ್ತು. ಒಬ್ಬರೂ ಬಿಟ್ಟುಕೊಡಲಿಲ್ಲ. ಅವರಿಬ್ಬರ ಪ್ರೀತಿ ಎಷ್ಟು ಗಟ್ಟಿಯೋ ಹಟವೂ ಅಷ್ಟೇ ಗಟ್ಟಿ.

ಯಜಮಾನರು ಬಸ್ಸಿಗೆ ಕೈ ಹಚ್ಚಿದ್ದು ಎರಡನೆಯ ವರ್ಷ. ಒಂದು ಬೆಳಗ್ಗೆ ಬಾನೆಟ್ಟು ಎತ್ತಿದ ಸದ್ದಿಗೆ ನಾನು ಇಳಿದು ಹೋದೆ. ಒಳಗೆ ಇಲಿಯ ಗೂಡು, ಎಂಜಿನ್ನಿನ ಮೇಲೆ ಬೆರಳುದಪ್ಪ ತುಕ್ಕು.

"ಇದನ್ನ ನಾನು ಸಾಯಕ್ಕೆ ಅಂತ ಇಟ್ಟವ್ರೆ" ಎಂದರು, ಇಲಿಗೂಡನ್ನು ಕೋಲಿನಿಂದ ಎತ್ತಿ ಹಾಕುತ್ತ. "ನಾನು ಹೋಗಕ್ಕೆ ಅಂತ ರೆಡಿ ಮಾಡ್ತೀನಿ. ಅವಳ್ನೂ ಕರ್ಕೊಂಡೇ ಹೋಗ್ತೀನಿ ಟೀಚರಮ್ಮ, ನೋಡ್ತಾ ಇರಿ."

ಜೊತೆಗೆ ಸಿಕ್ಕಿದ್ದು ಕಲಾಸಿಪಾಳ್ಯದ ಮೆಕ್ಯಾನಿಕ್ ಶೀನಣ್ಣ. ಹಿಂದೆ ಇವರ ಬಸ್ಸಿನಲ್ಲೇ ಕ್ಲೀನರ್ ಆಗಿದ್ದವನು. ಭಾನುವಾರ ಬರುತ್ತಿದ್ದ, ಕೆಲಸಕ್ಕಿಂತ ಹೆಚ್ಚು ಗೊಣಗುತ್ತಿದ್ದ. "ಗುರುಗಳೇ, ಇದಕ್ಕಿಂತ ಹೊಸಾ ಬಸ್ ಹೆತ್ತು ಬೆಳೆಸೋದು ಸುಲಭ" ಎನ್ನುವನು. ಎಂಜಿನ್ನು ಕಚ್ಚಿಕೊಂಡಿತ್ತು. ಪ್ಲಗ್ಗು ಬಿಚ್ಚಿ ಸಿಲಿಂಡರುಗಳಿಗೆ ಸೀಮೆಎಣ್ಣೆ ಹುಯ್ದು ಬಿಟ್ಟರು. ಮುಂದಿನ ಭಾನುವಾರ ಬಂದು ಮುಂದುಗಡೆ ಹ್ಯಾಂಡಲ್ ಹಾಕಿ ಇಬ್ಬರೂ ಜೋತುಬಿದ್ದರು. ಅಲುಗಲಿಲ್ಲ. ಮತ್ತೆ ಸೀಮೆಎಣ್ಣೆ. ಹೀಗೆ ಮಳೆಗಾಲ ಕಳೆಯಿತು. ಒಂದು ದಿನ ಹ್ಯಾಂಡಲು ಕೂದಲೆಳೆಯಷ್ಟು ಸರಿದಾಗ ಯಜಮಾನರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಶೀನಣ್ಣ ಅವರಿಗೆ ನೀರು ತಂದುಕೊಟ್ಟ.

ಬಾಡಿಯದು ಇನ್ನೊಂದು ಕಥೆ. ಹಳೆಯ ಬಸ್ಸಲ್ಲವೇ, ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ್ದು. ಮರವನ್ನು ಗೆದ್ದಲು ತಿಂದು ಮುಗಿಸಿತ್ತು. ತಗಡು ಅಭ್ಯಾಸಬಲದಿಂದ ನಿಂತಿತ್ತು. ಎಲ್ಲವನ್ನೂ ಬಿಚ್ಚಿದರೆ ಕುಸಿದು ಬೀಳುತ್ತದೆಂದು ಒಂದೊಂದೇ ಪಟ್ಟಿಯನ್ನು ತೆಗೆದು, ಅದೇ ಅಳತೆಯ ಹೊನ್ನೆಯ ಪಟ್ಟಿ ಸೇರಿಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಅಷ್ಟು ದಿನವೂ ಅವರು ಮಲಗುತ್ತಿದ್ದುದು ಅದರೊಳಗೇ. ಹೀಗೆ ನೋಡುನೋಡುತ್ತ ಮಳೆ ಸೋರುವುದು ನಿಂತಿತು, ಮಂಚಗಳಿಗೆ ಹೊಸ ಹಲಗೆ ಬಂತು, ಪೀಪಾಯಿಯ ನಲ್ಲಿಯಲ್ಲಿ ನೀರಿಳಿಯಿತು. ದೇವರ ಗೂಡಿಗೆ ಹಸಿರು ಬಣ್ಣ ಬಳಿದರು. ಬೇರೆ ಬಣ್ಣ ಇರಲಿಲ್ಲವಂತೆ.

ರೇಡಿಯೇಟರು ಎಲ್ಲಿ ಬೆಸೆದರೂ ಇನ್ನೊಂದು ಕಡೆ ಸೋರುತ್ತಿತ್ತು. ಹಳೆಯ ಡ್ರೈವರುಗಳಿಗೆ ಅದಕ್ಕೊಂದು ಮದ್ದು ಗೊತ್ತು. ಯಜಮಾನರು ಹಿತ್ತಲ ಬಾಗಿಲಿನಲ್ಲಿ ನಿಂತು ಸೊಸೆಯನ್ನು ಕರೆದರು.

"ದ್ರೌಪದಿ, ಒಂದ್ ಹಿಡಿ ಅರಿಶಿನ ಕೊಡು."

"ಪೂಜೆಗಾ ಮಾವ?"

"ಹೂಂ, ರೇಡಿಯೇಟರ್ ಪೂಜೆಗೆ. ನೀರಿಗೆ ಹಾಕಿದ್ರೆ ಉಬ್ಬಿ ತೂತೆಲ್ಲಾ ಮುಚ್ಕೊಳ್ತದೆ."

ದ್ರೌಪದಮ್ಮ ನಕ್ಕು ಡಬ್ಬಿಯನ್ನೇ ತಂದುಕೊಟ್ಟಳು. ಆ ಮನೆಯವರು ಕೆಟ್ಟವರಲ್ಲ. ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೀಗೆ ವರ್ಷಗಳು ಹೋದವು. ಶೀನಣ್ಣನ ತಲೆ ಬೆಳ್ಳಗಾಯಿತು. ೧೯೮೩ರ ಮಳೆಗಾಲಕ್ಕೆ ಮೊದಲು ಮುನಿಕೃಷ್ಣಪ್ಪ ಹೊಸ ಯೋಚನೆ ತೆಗೆದ. ಹಿತ್ತಲಿನ ಗೇಟು ಪಕ್ಕದ ಕ್ರಾಸಿಗೆ ತೆರೆಯುತ್ತಿತ್ತು. ಅಲ್ಲಿ ಗೋಡೆ ಒಡೆದು ಸಾಲಾಗಿ ಅಂಗಡಿ ಕಟ್ಟಿ ಬಾಡಿಗೆಗೆ ಕೊಡುವುದು. ಗೇಟಿನ ಬಾಯಿಗೇ ಸೈಜುಗಲ್ಲು ಬಂದು ಬಿತ್ತು. ಅಂಗಡಿ ಎದ್ದರೆ ಹಿತ್ತಲಿನಿಂದ ಸೈಕಲ್ಲು ಹೊರಗೆ ಹೋದೀತೇ ಹೊರತು ಬಸ್ಸು ಹೋಗದು.

"ಓಡೋ ಗಾಡಿಗೆ ಅಡ್ಡ ಗೋಡೆ ಕಟ್ತೀಯೇನ್ಲಾ?" ಎಂದರು ಯಜಮಾನರು.

"ಅದು ಎಲ್ಲಿ ಓಡುತ್ತಪ್ಪಾ" ಎಂದ ಮಗ, ಮೆತ್ತಗೆ. "ನೀವಿರೋಕೆ ಏನೂ ತೊಂದ್ರೆ ಮಾಡಲ್ಲ. ಗುದ್ದಲಿಪೂಜೆ ಆದ್ಮೇಲೂ ಅದು ಅಲ್ಲೇ ಇರುತ್ತೆ."

ಅಲ್ಲೇ ಇರುತ್ತೆ ಎಂಬ ಮಾತಿಗೆ ಯಜಮಾನರ ಮುಖ ಬಿಳುಚಿಕೊಂಡಿತು. ಅಂದಿನಿಂದ ಶೀನಣ್ಣನನ್ನು ಭಾನುವಾರದವರೆಗೂ ಕಾಯಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಅವನನ್ನು ಹಿಡಿದುಕೊಂಡು ಬರುತ್ತಿದ್ದರು. ಕಾರ್ಬೊರೇಟರು ಇಳಿಸಿ ತೊಳೆದರು, ಕ್ಲಚ್ಚು ಬಿಡಿಸಿದರು, ಎಲ್ಲಿಂದಲೋ ರಬ್ಬರು ಹಾಕಿಸಿದ ಟಯರು ತಂದರು. ಒಂದು ಬೆಳಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಹಿತ್ತಲಿನಲ್ಲಿ ಕೆಮ್ಮಿದಂತೆ ಒಂದು ಸದ್ದು, ಆಮೇಲೆ ಇನ್ನೊಂದು, ಆಮೇಲೆ ಸೀಬೆಮರದ ಎಲೆಯೆಲ್ಲ ನಡುಗುವಂತೆ ಎಂಜಿನ್ನು ಹಿಡಿದುಕೊಂಡಿತು. ಮನೆಯವರೆಲ್ಲ ಹಿತ್ತಲ ಬಾಗಿಲಿಗೆ ಬಂದು ನಿಂತರು. ನೀಲಿ ಹೊಗೆಯ ಮಧ್ಯೆ ಯಜಮಾನರು ಸ್ಟೇರಿಂಗ್ ಹಿಡಿದು ಕೂತಿದ್ದರು, ಕಣ್ಣಲ್ಲಿ ನೀರು.

ಮಧ್ಯಾಹ್ನ ಅಂಜನಮ್ಮ ತಟ್ಟೆ ತಂದಾಗ ಅವರು ಉಣ್ಣಲಿಲ್ಲ.

"ಈಗಲಾದ್ರೂ ಹತ್ತು. ಎಲ್ಲಿಗೆ ಅಂತ ನೀನೇ ಹೇಳು, ಅಲ್ಲಿಗೇ ಹೋಗಾನ."

ಅಂಜನಮ್ಮ ಮೆಟ್ಟಿಲನ್ನು ಕೈಯಿಂದ ಸವರುತ್ತ ಕೂತರು. "ಸ್ವಲ್ಪ ದಿನ ತಡೀರಿ" ಎಂದರು. "ನಂಗೆ ಮೈಯಲ್ಲಿ ಸರಿ ಇಲ್ಲ."

ಬೇಡ ಎನ್ನದೆ ತಡೀರಿ ಎಂದದ್ದು ಅದೇ ಮೊದಲು. ಯಜಮಾನರು ಸಂಜೆಯವರೆಗೂ ನನ್ನ ಜೊತೆ ಅದನ್ನೇ ಹೇಳಿಕೊಂಡರು. ಮೈಯಲ್ಲಿ ಸರಿಯಿಲ್ಲ ಎಂಬುದು ಅವರ ಕಿವಿಗೆ ಬಿದ್ದಿರಲಿಲ್ಲ. ನನ್ನ ಕಿವಿಗೂ ಅಷ್ಟಕ್ಕಷ್ಟೆ.

ಅಂಜನಮ್ಮನ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿ, ಇನ್ನು ಮಾಡುವುದೇನಿಲ್ಲ ಎಂದು ಮನೆಗೆ ಕಳಿಸಿದರು. ನಡುಮನೆಯ ಮಂಚದ ಮೇಲೆ ಮಲಗಿಸಿದರು. ಮಳೆ ಹಿಡಿದಿತ್ತು. ಯಜಮಾನರು ಹೊರಗಿನಿಂದ ನಡುಮನೆಯ ಕಿಟಕಿಯ ಸರಳು ಹಿಡಿದು ಗೋಣಿ ಹೊದ್ದುಕೊಂಡು ನಿಲ್ಲುತ್ತಿದ್ದರು. ಒಳಗೆ ಹೋಗಿ ಎಂದು ನಾನು ಸಿಟ್ಟಿನಿಂದಲೇ ಹೇಳಿದೆ, ಯಾವ ಶಾಸ್ತ್ರ ಬಂದು ಹಿಡಿದುಕೊಳ್ಳುತ್ತದೆ ನೋಡೋಣ ಎಂದೆ. ಅವರು ತಲೆಯಾಡಿಸಿದರು. ತಾವು ಹೊಸಿಲು ತುಳಿದು ಅವಳಿಗೆ ಕೇಡಾದರೆ ಎಂಬ ಹೆದರಿಕೆ ಅಷ್ಟು ವರ್ಷದಲ್ಲಿ ಅವರೊಳಗೂ ಬೇರು ಬಿಟ್ಟಿತ್ತು.

ಮತ್ತೆ ರೇವಣಸಿದ್ದಯ್ಯನವರು ಬಂದರು. ಮತ್ತೆ ಪಂಚಾಂಗ. ನಾಳೆ ಬೆಳಗ್ಗೆಯಿಂದ ಪಂಚಕ.

ಮುನಿಕೃಷ್ಣಪ್ಪ ಅಂದು ಸಂಜೆ ಬಸ್ಸಿನ ಹತ್ತಿರ ಬಂದ. ಅಪ್ಪನ ಮುಖ ನೋಡದೆ, ತಗಡಿನ ಬಣ್ಣ ಕೆರೆಯುತ್ತ ಹೇಳಿದ. "ಅಪ್ಪಾ, ಅಮ್ಮಂಗೊಂದು ಹಾಸಿಗೆ ಅಣಿ ಮಾಡಿ. ಬೆಳಿಗ್ಗೆ ಹೊತ್ತು ಹುಟ್ಟೋದ್ರೊಳಗೆ ಕರ್ಕೊಂಡ್ಬರ್ತೀವಿ. ಈಗಂತೂ ಬಸ್ಸು ಬೆಚ್ಚಗೈತೆ, ಮನೆಗಿಂತ ಚೆನ್ನಾಗೈತೆ."

ಮಗ ಹೋದಮೇಲೆ ಯಜಮಾನರು ನಡುಮನೆಯ ಕಿಟಕಿಗೆ ಹೋದರು. ನಾನು ಒಳಗೆ ಅಂಜನಮ್ಮನ ಬಾಯಿಗೆ ಗಂಜಿ ಬಿಡುತ್ತಿದ್ದೆ, ಆದ್ದರಿಂದ ಮಾತೆಲ್ಲ ಕೇಳಿದೆ.

"ಇಗಾ" ಎಂದರು ಯಜಮಾನರು. "ನಾಳೆ ನಿನ್ನ ಬಸ್ಸಿಗೆ ತತ್ತಾರಂತೆ."

ಅಂಜನಮ್ಮ ಕಣ್ಣು ಬಿಟ್ಟರು.

"ನಾನಾಗಿ ಹತ್ತಿದ್ರೆ ಬೇರೆ" ಎಂದರು. "ಹೊತ್ತು ಹಾಕಿಸ್ಕೊಂಡು ಬರಲ್ಲ. ನನ್ನ ಹೊರಗೆ ಹಾಕಕ್ಕೆ ಬಿಡಬ್ಯಾಡಿ."

"ಆಯ್ತು" ಎಂದರು ಯಜಮಾನರು.

ಬಸ್ಸು ಬಿಟ್ಟರೆ ಅವರನ್ನು ಇನ್ನೆಲ್ಲಿ ಮಲಗಿಸುವುದು? ಜಗಲಿ ಮನೆಯ ಲೆಕ್ಕಕ್ಕೇ ಸೇರುತ್ತದೆ. ನನ್ನ ಕೋಣೆಯೂ ಅದೇ ಮನೆ. ಆ ಮಳೆಯಲ್ಲಿ ಹೆತ್ತ ತಾಯಿಯನ್ನು ಸೀಬೆಮರದ ಕೆಳಗೆ ಹಾಕುವಷ್ಟು ಕಟುಕನಲ್ಲ ಮುನಿಕೃಷ್ಣಪ್ಪ. ಅಂದರೆ ಬಸ್ಸು ಇದ್ದರೆ ತಾನೇ ಅಂಜನಮ್ಮ ಹೊರಗೆ ಹೋಗುವುದು. ಇಷ್ಟನ್ನು ಯಜಮಾನರು ಕಿಟಕಿಯ ಹತ್ತಿರವೇ ಯೋಚಿಸಿ ಮುಗಿಸಿದ್ದರೆಂದು ಕಾಣುತ್ತದೆ.

ಬೆಳಕು ಹರಿಯುವ ಮುಂಚೆ ಶೀನಣ್ಣನೂ ಅವರೂ ಗೇಟಿನ ಬಾಯಿಯ ಸೈಜುಗಲ್ಲುಗಳನ್ನು ಉರುಳಿಸುತ್ತಿದ್ದರು. ಮೊದಲ ಸಲಕ್ಕೇ ಎಂಜಿನ್ನು ಹಿಡಿಯಿತು. ಮನೆಯವರು ಎದ್ದು ಬರುವಷ್ಟರಲ್ಲಿ ಬಸ್ಸಿನ ಮೂತಿ ಗೇಟಿನಲ್ಲಿತ್ತು. ಒಂದು ಕಡೆ ಗೋಡೆಗೆ ಉಜ್ಜಿ ಹೊಸ ತಗಡು ಕಿತ್ತುಬಂತು, ಯಜಮಾನರು ತಿರುಗಿ ನೋಡಲಿಲ್ಲ. ಗೇರು ಬದಲಾಯಿಸಿದ ಸದ್ದು ಕೇಳಿತು. ಆ ಜಾಗದಲ್ಲಿ ಉದ್ದಕ್ಕೆ ಒಣಗಿದ ನೆಲ ಉಳಿಯಿತು, ಮಳೆ ಅದರ ಮೇಲೆ ಬೀಳಲು ಶುರುವಾಯಿತು.

ನಾನು ಒಳಗೆ ಓಡಿದೆ. ಅಂಜನಮ್ಮ ಎಚ್ಚರವಾಗಿದ್ದರು.

"ಹೋಯ್ತಾ?" ಎಂದರು.

"ಹೋಯ್ತಮ್ಮ."

"ಸದ್ದು ಚೆನ್ನಾಗೈತೆ" ಎಂದರು. ನಗುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಆ ಬಸ್ಸನ್ನು ಹೊಗಳಿದ್ದು ನಾನು ಕೇಳಿರಲಿಲ್ಲ.

ಬಸ್ಸು ಬಹಳ ದೂರವೇನೂ ಹೋಗಲಿಲ್ಲ. ಮೂರು ಬೀದಿಯಾಚೆ ಮೈದಾನದ ಅಂಚಿನಲ್ಲಿ ಒಂದು ದೊಡ್ಡ ಮರದ ಕೆಳಗೆ ನಿಂತಿತ್ತು. ಮೈಸೂರು ರಸ್ತೆ ಅಲ್ಲಿಂದ ಕೂಗಳತೆ. ಆದರೆ ಹೆಂಡತಿ ಹಾಸಿಗೆ ಹಿಡಿದಿರುವಾಗ ಅವರು ಎಲ್ಲಿಗೆ ಹೋದಾರು? ಮುನಿಕೃಷ್ಣಪ್ಪ ಛತ್ರಿ ಹಿಡಿದುಕೊಂಡು ಬಂದ.

"ಅಪ್ಪಾ, ಗಾಡಿ ವಾಪಸ್ ತಗೊಂಡ್ಬನ್ನಿ."

"ಸ್ಟಾರ್ಟ್ ಆಗ್ತಿಲ್ಲ ಕಣ್ಲಾ."

"ಬೆಳಿಗ್ಗೆ ಓಡ್ತಲ್ಲ?"

"ಬೆಳಿಗ್ಗೆ ಓಡ್ತು. ಹಳೇ ಗಾಡಿ."

ಮಗ ಶೀನಣ್ಣನನ್ನು ಕರೆಸಿದ. ಶೀನಣ್ಣ ಬಾನೆಟ್ಟು ಎತ್ತಿ, ಕರೆಂಟು ಹಂಚುವ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಒಳಗೆ ತಿರುಗಬೇಕಾದ ರೋಟರು ಇರಲಿಲ್ಲ. ಹೆಬ್ಬೆರಳಿನಷ್ಟಿದ್ದ ಆ ಚೂರು ಯಜಮಾನರ ಅಂಗಿಯ ಜೇಬಿನಲ್ಲಿತ್ತು. ಶೀನಣ್ಣ ಮುಚ್ಚಳ ಮತ್ತೆ ಹಾಕಿ ಕೈ ಒರೆಸಿಕೊಂಡ. "ಆಗಲ್ಲ ಬಿಡಿ, ಎಂಜಿನ್ನೇ ಇಳಿಸ್ಬೇಕು" ಎಂದು ಮುಖ ಗಂಟಿಕ್ಕಿಕೊಂಡು ಹೇಳಿದ.

ಮಧ್ಯಾಹ್ನ ತರಕಾರಿ ಮಂಡಿಯಿಂದ ಆಳುಗಳು ಹಗ್ಗ ತಂದರು, ಎಳೆದುಕೊಂಡಾದರೂ ಹೋಗೋಣವೆಂದು. ಯಜಮಾನರು ಗೇರಿಗೆ ಹಾಕಿ, ಬ್ರೇಕು ತುಳಿದು ಕೂತರು. ಆಳುಗಳು ಎಳೆದು ಎಳೆದು ಬಿಟ್ಟು ಹೋದರು. ಆದರೆ ಇಳಿದರೆ ಮತ್ತೆ ಬರುತ್ತಾರೆಂದು ಅವರು ಸೀಟು ಬಿಡಲಿಲ್ಲ. ಅಂಜನಮ್ಮನ ಕಿಟಕಿಗೆ ಹೋಗಲೂ ಇಲ್ಲ. ನಾನು ಪ್ರೆಸ್ಸಿಗೆ ರಜಾ ಹಾಕಿ ಅಲ್ಲಿಗೂ ಇಲ್ಲಿಗೂ ನಡೆದೆ. ಏನಂದಳು, ಗಂಜಿ ಕುಡಿದಳಾ, ಕಣ್ಣು ಬಿಟ್ಟಳಾ, ಎಂದು ಕೇಳುವರು. ಬಸ್ಸು ಓಡಬೇಕೆಂದು ಅಷ್ಟು ವರ್ಷ ಒದ್ದಾಡಿದ ಮನುಷ್ಯ, ಅದು ಓಡದಂತೆ ಕಾಲು ಒತ್ತಿಕೊಂಡು ಕೂತಿದ್ದರು. ಮೂರು ಬೀದಿಯಾಚೆ ಅವರ ಹೆಂಡತಿ ಸಾಯುತ್ತಿದ್ದರು. ನಾನು ಅವತ್ತು ದಾರಿಯಲ್ಲೇ ಅತ್ತೆ.

ಅಂಜನಮ್ಮ ಮಾರನೆಯ ದಿನ ಹೋದರು. ನಡುಮನೆಯಲ್ಲಿ, ತಮ್ಮ ಮಂಚದ ಮೇಲೆ, ತಮ್ಮ ಸೊಸೆಯ ಕೈಯಿಂದ ನೀರು ಕುಡಿದು. ನಕ್ಷತ್ರ ಕೆಟ್ಟದ್ದೇ. ಈ ಸಲ ಎರಡು ಪಂಚಾಂಗವೂ ಒಪ್ಪಿದವು.

ಕಾರ್ಯವೆಲ್ಲ ಮುಗಿದ ಮೇಲೆ ದೀಪ ಆರಿಸಿದರು. ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಬಂತು. ನಾನು ಪೆಟ್ಟಿಗೆ ಕಟ್ಟಿಕೊಂಡು ಮಲ್ಲೇಶ್ವರದ ತಂಗಿಯ ಮನೆಗೆ ಹೋದೆ. ಮುನಿಕೃಷ್ಣಪ್ಪ ವಿಶ್ವೇಶ್ವರಪುರಂ, ಬಸವನಗುಡಿ, ಎಲ್ಲ ಕಡೆ ಬಾಡಿಗೆ ಮನೆ ಹುಡುಕಿದನಂತೆ. ಯಾಕೆ ಮನೆ ಬಿಟ್ಟಿರಿ ಎಂದು ಕೇಳಿ, ಕಾರಣ ತಿಳಿದ ಕೂಡಲೇ ಬಾಗಿಲು ಮುಚ್ಚುತ್ತಿದ್ದರು. ಪಂಚಕದ ದೋಷ ಹೊತ್ತು ತಂದವರನ್ನು ಯಾರು ಸೇರಿಸುತ್ತಾರೆ? ನೆಂಟರೂ ಹಾಗೇ. ಸಂಬಂಧ ಬೇರೆ, ಹೆದರಿಕೆ ಬೇರೆ.

ಮುಂದಿನದನ್ನು ದ್ರೌಪದಮ್ಮ ನನಗೆ ಹೇಳಿದ್ದು. ಹಾಸಿಗೆ ಸುರುಳಿ, ಪಾತ್ರೆಯ ಮೂಟೆ ಹೊತ್ತು ಸಂಸಾರವೆಲ್ಲ ಮೈದಾನಕ್ಕೆ ಹೋಗಿ ಬಸ್ಸಿನ ಮುಂದೆ ನಿಂತಿತು. ಮುನಿಕೃಷ್ಣಪ್ಪ ನೆಲ ನೋಡುತ್ತ ನಿಂತ. ಯಜಮಾನರು ಬಾಗಿಲಲ್ಲಿ ಕೂತಿದ್ದವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಎದ್ದು ಪಕ್ಕಕ್ಕೆ ಸರಿದು, "ಹತ್ತಿ, ಹತ್ತಿ. ಒಳಗೆ ಹೋಗಿ, ಮುಂದೆ ಜಾಗ ಐತೆ" ಎಂದರಂತೆ, ಆನೇಕಲ್ ಲೈನಿನಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತಿದ್ದ ದನಿಯಲ್ಲೇ.

ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾನಾಗಿದ್ದರೆ ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಅದನ್ನು ಅವರ ಮುಖದ ಮೇಲೆ ಹೇಳಲೆಂದೇ ಒಂದು ಬೆಳಗ್ಗೆ ಮಲ್ಲೇಶ್ವರದಿಂದ ಮೊದಲ ಬಸ್ಸು ಹಿಡಿದು ಬಂದೆ. ಮೈದಾನದಲ್ಲಿ ಹಾಲಿನವನು ಬಿಟ್ಟರೆ ಯಾರೂ ಇರಲಿಲ್ಲ. ಯಜಮಾನರು ಡ್ರೈವರ್ ಸೀಟಿನಲ್ಲಿ ಕಂಬಳಿ ಹೊದ್ದು, ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದರು. ಎದುರಿಗೆ ರಸ್ತೆ ಖಾಲಿ ಬಿದ್ದಿತ್ತು.

"ಅಂಜನಮ್ಮನಿಗೆ ಕೊಟ್ಟ ಮಾತು ಉಳಿಸಿದ್ದಾಯ್ತು" ಎಂದೆ, ಸಿಟ್ಟು ತಡೆದುಕೊಂಡು. "ಗಾಡಿ ಓಡುತ್ತೆ. ಇನ್ನು ನಿಮ್ಮನ್ನ ಹಿಡಿದಿಟ್ಟುಕೊಳ್ಳೋರು ಯಾರಿದ್ದಾರೆ? ಹೊರಡಬಾರದೇ?"

ಅವರು ಬೆರಳನ್ನು ತುಟಿಯ ಮೇಲಿಟ್ಟು, ಹಿಂದಕ್ಕೊಮ್ಮೆ ತಿರುಗಿ ನೋಡಿದರು.

"ಮೆಲ್ಲಗೆ ಮಾತಾಡಿ ಟೀಚರಮ್ಮ" ಎಂದರು. "ಹೆಂಗೆ ಹೊರಡ್ಲಿ? ಮನೇಲಿ ಜನ ಮಲಗವ್ರೆ."